ಕಿನ್ನಿಗೆ ಆಟಿಯ ಪುಸ್ತಕ

ಹೊಳೆಗೂ ಕಡಲಿಗೂ ನಡುವಿನ ಬೆಂಗ್ರೆಯ ಮಕ್ಕಳಿಗೆ ಮಳೆಗಾಲದ ಚಿತ್ರಪುಸ್ತಕ ಆರಿಸುವುದೆಂದರೆ ಹೆಣ್ಣು ನೋಡಲು ಹೋದಷ್ಟೇ ತಾಪತ್ರಯದ ಕೆಲಸ. ಬಣ್ಣ ಚೆನ್ನಾಗಿದ್ದರೆ ಸಾಲದು, ನಡತೆಯನ್ನೂ ನೋಡಬೇಕು. ಪುಸ್ತಕದೊಳಗಿನ ದೋಣಿ ಮಳೆಯಲ್ಲಿ ನೀರಿನ ಮೇಲಿದ್ದರೆ ಆ ಪುಸ್ತಕ ಫೇಲು. ಮಳೆಗಾಲದ ದೋಣಿ ಮರಳಿನ ಮೇಲೆ ಕವುಚಿ ಮಲಗಿರಬೇಕು, ಮೈಮೇಲೆ ತೆಂಗಿನ ಮಡಲಿನ ಹೊದಿಕೆ ಇರಬೇಕು. ಇದು ಅಲ್ಲಿ ಮೂಗು ಸುರಿಸುವ ಪೋರನಿಗೂ ಗೊತ್ತು. ಒಮ್ಮೆ ಮದ್ರಾಸಿನಿಂದ ಬಂದ ಪುಸ್ತಕದಲ್ಲಿ ಒಬ್ಬ ಮೀನುಗಾರ ಗುಡುಗು ಮಿಂಚಿನ ನಡುವೆ ಹಾಡುತ್ತಾ ಬಲೆ ಬೀಸುತ್ತಿದ್ದ. ಬಾಲವಾಡಿಯ ಮಕ್ಕಳು ಅವನನ್ನು ಬಹಳ ಹೊತ್ತು ನೋಡಿದರು. "ಟೀಚರ್, ಇವ ಸಾಯ್ತಾನೆ" ಎಂದಿತು ಒಂದು ಮಗು. ಮತ್ತೆ ಆ ಪುಸ್ತಕವನ್ನು ಯಾರೂ ಮುಟ್ಟಲಿಲ್ಲ.

ಆದ್ದರಿಂದ ದೇಯಿ ಟೀಚರ್ ಪುಸ್ತಕವನ್ನು ಬೇರೆಯವರ ಕೈಯಲ್ಲಿ ತರಿಸುವವಳಲ್ಲ. ಎಂಟನೇ ಕ್ಲಾಸು ಓದಿದ ಮೀನುಗಾರರ ಸೊಸೆ ಅವಳು. ಮಹಿಳಾ ಮಂಡಲದವರು ಹಳೆಯ ಬಲೆ ಶೆಡ್ಡಿನಲ್ಲಿ ಬಾಲವಾಡಿ ತೆರೆದಾಗ 'ಓದು ಬರುವ ಹೆಂಗಸು ಯಾರಿದ್ದಾರೆ' ಎಂದು ಹುಡುಕಿ ಅವಳನ್ನೇ ಹಿಡಿದು ಟೀಚರ್ ಮಾಡಿದ್ದರು. ಮಳೆಗೊಂದು, ಚಳಿಗೊಂದು, ಸೆಕೆಗೊಂದು ಎಂದು ವರ್ಷಕ್ಕೆ ಮೂರು ಸಲ ಅವಳು ಕಡವಿನ ದೋಣಿ ಹತ್ತಿ ಆಚೆ ದಡದ ಬಂದರಿಗೆ ಬಂದು ಪುಸ್ತಕ ಆರಿಸುತ್ತಿದ್ದಳು. ಚೀನಾ ಯುದ್ಧ ಮುಗಿದ ಮರುವರ್ಷ, ತುಳುವರ ಆಷಾಢವಾದ ಆಟಿ ತಿಂಗಳು ಹುಟ್ಟಿದ ವಾರವೂ ಹಾಗೆಯೇ ಬಂದಳು. ಹೊಳೆ ಕೆಂಪಾಗಿ ತುಂಬಿತ್ತು. ಆಟಿಯಲ್ಲಿ ದೊಡ್ಡವರಿಗೆ ಕೆಲಸವಿಲ್ಲ, ಚಿಕ್ಕವರಿಗೆ ಹೊರಗೆ ಆಟವಿಲ್ಲ. ಉಳಿದದ್ದು ಪುಸ್ತಕ ಒಂದೇ.

"ಬಲೆ, ಬಲೆ!" ಎಂದ ಅಂಗಡಿಯ ಕಮರುದ್ದೀನ್. ತುಳುವಿನಲ್ಲಿ ಅದು 'ಬನ್ನಿ'. "ಬೆಂಗ್ರೆಯವರನ್ನು ಬಲೆ ಹಾಕಿಯೇ ಕರೀಬೇಕಲ್ಲ, ದೇಯಕ್ಕ?"

ಅವನು ಬಿ.ಎ. ಪಾಸಾದವನು. ಬಿ.ಎ. ಅಂದರೆ 'ಬಂದರಿನ ಅಂಗಡಿ' ಎಂದು ತಾನೇ ಹೇಳಿಕೊಳ್ಳುತ್ತಿದ್ದ. ಸೋದರಮಾವ ಮೊಯ್ದೀನಬ್ಬನವರದು ಸ್ಲೇಟು, ಬಳಪ, ಕಾಗದದ ಸಗಟು ವ್ಯಾಪಾರ. ಅದರ ಎದುರಿನ ಮೂಲೆಯಲ್ಲಿ ಅಳಿಯ ಮಕ್ಕಳ ಪುಸ್ತಕ ಜೋಡಿಸಿಕೊಂಡು ಕುಳಿತು ಆರು ವರ್ಷವಾಗಿತ್ತು. ಅವನ ಗಂಟಲಿನಲ್ಲಿ ಇಡೀ ಬಂದರೇ ಬಾಡಿಗೆಗಿತ್ತು: ಮಾವನ ಕೆಮ್ಮು, ಕಡವಿನ ಹಸೈನಾರನ ಕೂಗು, ಶಾಲಾ ಇನ್ಸ್‌ಪೆಕ್ಟರರ ಮೂಗಿನ ಇಂಗ್ಲಿಷು. ಎದುರು ಗೋದಾಮಿನ ತಕ್ಕಡಿ ಕಿರುಗುಟ್ಟುವುದನ್ನು ಕೂಡ ಅವನು ಎಷ್ಟು ಚೆನ್ನಾಗಿ ಮಾಡುತ್ತಿದ್ದನೆಂದರೆ ಕೂಲಿಗಳು ಎಣ್ಣೆ ಹಿಡಿದುಕೊಂಡು ಬರುತ್ತಿದ್ದರು.

"ಮೊನ್ನೆ ಚಳಿಗಾಲದ್ದು ಒಂದು ಕೊಟ್ಟೆನಲ್ಲ, ಹಿಮದ ಮೇಲೆ ಮಕ್ಕಳು ಜಾರುವುದು? ಹೇಗಾಯ್ತು?"

"ಉಪ್ಪಿನ ರಾಶಿ ಅಂದರು. ಗೋದಾಮಿನವ ಹೊಡೆಯುವುದಿಲ್ಲವಾ ಅಂತ ಕೇಳಿದರು."

"ಅಲ್ಲಾ!" ಎಂದು ಕಮರುದ್ದೀನ್ ತಲೆ ಮೇಲೆ ಕೈಯಿಟ್ಟು, ತಕ್ಷಣ ಮಾವನ ದನಿಯಲ್ಲಿ ಕೆಮ್ಮಿದ. "ನಾನು ಆಗಲೇ ಹೇಳಿದೆ ಕಮರೂ, ಇಲ್ಲಿಯ ಚಳಿಗೆ ಪುಸ್ತಕ ಯಾಕೆ, ಒಂದು ಪೋಸ್ಟ್ ಕಾರ್ಡ್ ಸಾಕು ಅಂತ!" ಒಳಗಿನಿಂದ ಮೊಯ್ದೀನಬ್ಬನವರ ಅಸಲಿ ಕೆಮ್ಮು ಉತ್ತರ ಕೊಟ್ಟಿತು.

ದೇಯಿ ನಗುತ್ತಲೇ ಪುಸ್ತಕ ತಿರುವಿದಳು. ದೋಣಿ ನೀರಿನ ಮೇಲಿದ್ದ ಎರಡು ಪುಸ್ತಕ ಬದಿಗೆ ಹೋದವು. ಕೆಸುವಿನ ಎಲೆ ಹಿಡಿದ ಕಪ್ಪೆಯದ್ದು ಪಾಸು; ಕೆಸುವಿನ ಎಲೆಯ ಮೇಲೆ ನೀರು ಮಣಿಯಾಗಿ ನಿಂತದ್ದನ್ನು ಬರೆದವನಿಗೆ ಸರಿಯಾಗಿ ಗೊತ್ತಿತ್ತು. ಗಾಳಿಗೆ ತಿರುವಿಕೊಂಡ ಕೊಡೆಗಳದ್ದು ಪಾಸು. ಕಡೆಗೆ, ಯಾವಾಗಿನಂತೆ, ಕೆಳಗಿನ ಸಾಲಿನಲ್ಲಿ ಕೈಯಾಡಿಸಿ ದಪ್ಪ ರಟ್ಟಿನ ಪುಟಗಳ ಒಂದು ಪುಟ್ಟ ಪುಸ್ತಕ ತೆಗೆದಳು. ಪುಟಕ್ಕೊಂದೇ ಚಿತ್ರ: ಏಡಿ, ಅಣಬೆ, ಬಸವನಹುಳು, ಕೊಡೆ. ಅದನ್ನು ಉಳಿದವುಗಳ ಜೊತೆ ಇಡದೆ ಬೇರೆ ಇಟ್ಟಳು.

"ಇದು ಮಗಳಿಗೆ ಅಲ್ವಾ?"

"ಹೌದು."

"ಎಷ್ಟು ವರ್ಷ ಅವಳಿಗೀಗ?"

"ಮೂರು."

ಕಮರುದ್ದೀನ್ ನೆಟ್ಟಗೆ ಕುಳಿತ, ಇಲ್ಲದ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿದ, ಇನ್ಸ್‌ಪೆಕ್ಟರರು ಬಂದರು. "ಡೇಯಿ ಟೀಚರ್! ನಿಮ್ಮ ಹಾಜರಿ ಸರಿ ಇಲ್ಲ. ನಾನು ಈ ಮೂಲೆ ತೆರೆದ ವರ್ಷ ಕೇಳಿದೆ, ಮೂರು ಅಂದಿರಿ. ನನ್ನ ನಿಕಾಹ್ ಆದ ವರ್ಷ ಕೇಳಿದೆ, ಮೂರು. ಈಗ ನನ್ನ ಮಗ ರವೂಫನಿಗೇ ಮೂರು ತುಂಬಿತು. ನಿಮ್ಮ ಮಗಳಿಗೆ ಎಷ್ಟು ವರ್ಷದಿಂದ ಮೂರು ವರ್ಷ?"

ದೇಯಿ ಪುಸ್ತಕದ ಏಡಿಯ ಮೇಲೆ ಬೆರಳಿಟ್ಟುಕೊಂಡೇ ಹೇಳಿದಳು: "ಹದಿನೇಳು."

ಮೊದಲು ಅವನು ನಗಲು ಹೊರಟ. ಆಮೇಲೆ ಅವಳ ಮುಖ ನೋಡಿದ. ಊರಿನವರೆಲ್ಲರ ದನಿ ತುಂಬಿದ್ದ ಆ ಗಂಟಲಿನಲ್ಲಿ ತನ್ನದೇ ದನಿ ಎಲ್ಲಿಟ್ಟೆನೆಂದು ಅವನು ಹುಡುಕುವುದು ದೇಯಿಗೆ ಕಾಣುತ್ತಿತ್ತು, ಸಿಗಲಿಲ್ಲ. ಪುಸ್ತಕವನ್ನು ಪೇಪರಿನಲ್ಲಿ ಸುತ್ತಿದ. ಮಳೆಗೆಂದು ಮತ್ತೊಂದು ಪೇಪರು ಸುತ್ತಿದ. ಆಮೇಲೆ, ಏನು ಮಾಡುವುದೆಂದು ತಿಳಿಯದೆ, ಮೂರನೆಯದನ್ನೂ ಸುತ್ತಿದ.

*

ತುಳುವಿನಲ್ಲಿ ಕಿನ್ನಿ ಅಂದರೆ ಚಿಕ್ಕದು. ಮಗಳನ್ನು ತೊಟ್ಟಿಲಿಗೆ ಹಾಕಿದಾಗ ಇಟ್ಟ ಹೆಸರು ಬೇರೆ ಇತ್ತು. ಆ ಹೆಸರಿನಿಂದ ಕರೆಯುವಷ್ಟು ಅವಳು ಬೆಳೆಯಲಿಲ್ಲ. ಇಂಥದ್ದೇ ಆಟಿಯಲ್ಲಿ ಜ್ವರ ಬಂತು. ಹೊಳೆ ಹೀಗೆಯೇ ಕೆಂಪಾಗಿತ್ತು, ಯಾರೂ ದೋಣಿ ಇಳಿಸಲಿಲ್ಲ. ಆಚೆ ದಡದಲ್ಲಿ ಆಸ್ಪತ್ರೆಯ ಊರು ದೀಪ ಹಚ್ಚಿಕೊಂಡು ಕುಳಿತಿತ್ತು. ಈಚೆ ದಡದಲ್ಲಿ ದೇಯಿಯ ತೊಡೆಯ ಮೇಲೆ ಮಗು ತಣ್ಣಗಾಯಿತು. ಮರುವರ್ಷ ರುಕ್ಕು ಹುಟ್ಟಿದಳು. ಎಲ್ಲರೂ ಅದೇ ಮಗು ತಿರುಗಿ ಬಂತೆಂದರು. ಅಲ್ಲವೆಂದು ದೇಯಿಗೆ ಗೊತ್ತಿತ್ತು.

ಬಾಲವಾಡಿಗೆ ಮೊದಲ ಪುಸ್ತಕಗಳು ಬಂದ ವರ್ಷ ಅವಳು ಸುಮ್ಮನೆ, ಯಾರಿಗೂ ಹೇಳದೆ, ಒಂದನ್ನು ಹೆಚ್ಚಿಗೆ ತಂದು ಕಪಾಟಿನ ತೀರ ಕೆಳಗಿನ ಹಲಗೆಯಲ್ಲಿಟ್ಟಳು. ಮರುದಿನ ಬೆಳಿಗ್ಗೆ ಶೆಡ್ಡಿನ ಬೀಗ ತೆಗೆದಾಗ ಅದು ಚಾಪೆಯ ಮೇಲೆ ಬಿಚ್ಚಿಕೊಂಡು ಬಿದ್ದಿತ್ತು. ಪುಟದ ಕೆಳಮೂಲೆ ಒದ್ದೆ. ಕಿನ್ನಿಗೆ ಹೆಬ್ಬೆರಳು ಚೀಪುವ ಅಭ್ಯಾಸವಿತ್ತು. ಹಳೆಯ ಕ್ಯಾಲೆಂಡರ್ ಕೊಟ್ಟರೂ ಅದೇ ಬೆರಳಿನಲ್ಲಿ ಮೂಲೆ ಹಿಡಿದು ತಿರುವುತ್ತಿದ್ದಳು.

"ಇಲಿ" ಎಂದಳು ಐಸಮ್ಮ. ಮಕ್ಕಳಿಗೆ ಹಾಲಿನ ಹುಡಿ ಕದಡಿ ಕೊಡುವ ಕೆಲಸದವಳು, ಶೆಡ್ಡಿನ ಬೀಗದ ಕೈ ಇದ್ದದ್ದು ಅವಳ ಸೊಂಟದಲ್ಲಿ.

"ಇಲಿ ಪುಟ ತಿರುವ್ತದಾ, ಐಸಮ್ಮ?"

"ಓದಿದ ಇಲಿ ಇರಬೇಕು." ಎರಡು ದಿನ ಹಾಗೆ ಹೇಳಿದ ಐಸಮ್ಮ ಮೂರನೆಯ ದಿನದಿಂದ ಬಿಸ್ಮಿ ಹೇಳಿಯೇ ಬೀಗ ತೆಗೆಯತೊಡಗಿದಳು. ಮತ್ತೆ ಇಬ್ಬರೂ ಅದರ ಬಗ್ಗೆ ಮಾತಾಡಲಿಲ್ಲ. ಸಮುದ್ರದ ಬದಿಯಲ್ಲಿ ಎಲ್ಲವೂ ಒದ್ದೆಯೇ, ಗಾಳಿಗೆ ಬಿಚ್ಚಿಕೊಳ್ಳದ ವಸ್ತುವೇ ಇಲ್ಲ ಎಂದು ಯಾರಾದರೂ ಹೇಳಿದ್ದರೆ ದೇಯಿ ಒಪ್ಪುತ್ತಿದ್ದಳು. ಒಪ್ಪಿ, ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಹೋಗಿ, ಆ ತೆರೆದ ಪುಟದ ಎದುರು ಚಾಪೆಯ ಮೇಲೆ ಸ್ವಲ್ಪ ಹೊತ್ತು ಕುಳಿತು, ಚಿತ್ರಕ್ಕೆ ಬೆರಳಿಟ್ಟು ಹೆಸರು ಹೇಳಿಕೊಡುತ್ತಿದ್ದಳು. ಮಾವು. ಕೊಕ್ಕರೆ. ಗಾಳಿಪಟ. ಅಷ್ಟೇ ಅವಳಿಗೆ ಬೇಕಾಗಿದ್ದದ್ದು.

ಆ ದಿನ ಬಂದರಿನಿಂದ ಹಿಂತಿರುಗಿ, ಏಡಿಯ ಪುಸ್ತಕವನ್ನು ಶೆಡ್ಡಿನಲ್ಲಿಟ್ಟು ಮನೆಗೆ ಬಂದಾಗ ಗಂಡ ಲೋಕಯ್ಯ ಜಗಲಿಯಲ್ಲಿ ಕುಳಿತು ಬಲೆಯ ತೂತು ಕಟ್ಟುತ್ತಿದ್ದ.

"ಸುರತ್ಕಲ್‌ನ ಐತಪ್ಪಣ್ಣನ ಕಡೆಯಿಂದ ಸಂಬಂಧ ಕೇಳಿ ಜನ ಬಂದಿತ್ತು."

"ರುಕ್ಕುವಿಗಾ?"

"ಅಲ್ಲ." ಅವನ ಕೈಯ ಬಲೆಮುಳ್ಳು ನಿಂತಿತು. "ಕಿನ್ನಿಗೆ."

ದೇಯಿ ಕೊಡೆ ಮಡಚುತ್ತಿದ್ದವಳು ಮಡಚದೆ ನಿಂತಳು. ಆಟಿಯಲ್ಲಿ ಬದುಕಿದ್ದವರಿಗೆ ಮದುವೆಯಿಲ್ಲ. ಆ ತಿಂಗಳು ಸತ್ತವರದು. ಮಕ್ಕಳಾಗಿದ್ದಾಗಲೇ ಹೋದವರು ಅಲ್ಲಿ ಬೆಳೆಯುತ್ತಾರೆ, ಪ್ರಾಯಕ್ಕೆ ಬರುತ್ತಾರೆ. ಆಗ ಎರಡು ಮನೆಯವರು ಕೂತು ಮಾತಾಡಿ, ಸೀರೆ ಪಂಚೆ ಎದುರು ಬದಿರು ಇಟ್ಟು, ಇದ್ದವರಿಗೆ ಮಾಡುವ ಹಾಗೆಯೇ ಧಾರೆ ಎರೆಯುತ್ತಾರೆ. ಕುಲೆ ಮದುವೆ ಎಂದು ಅದರ ಹೆಸರು. ದೇಯಿ ಬೇರೆಯವರ ಮನೆಯಲ್ಲಿ ಅಂಥದ್ದರ ಊಟ ಮಾಡಿ ಬಂದವಳೇ.

"ಹುಡುಗನ ಹೆಸರು ನೋಣಯ್ಯ. ಐದು ವರ್ಷದಲ್ಲಿ ಸಿಡುಬಿಗೆ ಹೋದದ್ದು. ಈಗ ಇಪ್ಪತ್ತಮೂರು ನಡೀತದೆ. ಒಳ್ಳೆಯ ಮನೆ. ಹುಡುಗನಿಗೆ ಒಂದೇ ಒಂದು ಕೆಟ್ಟ ಚಟ ಇಲ್ಲ." ಲೋಕಯ್ಯ ಇದನ್ನು ತಮಾಷೆಗೆ ಹೇಳಲಿಲ್ಲ.

"ಮೂರು ವರ್ಷದ ಮಗುವನ್ನು ಯಾರಾದರೂ ಕೊಡ್ತಾರಾ? ಅಲ್ಲಿ ರಾತ್ರಿ ಎದ್ದು ಅತ್ತರೆ ಯಾರು ನೋಡುವುದು?"

"ಇಪ್ಪತ್ತು, ದೇಯಿ. ಲೆಕ್ಕ ಹಾಕಿ ನೋಡು."

"ಲೆಕ್ಕ ನೀವು ಹಾಕಿ. ನಾನು ದಿನಾ ನೋಡ್ತಾ ಇದ್ದೇನೆ."

ಲೋಕಯ್ಯ ಬಲೆಯನ್ನು ಬದಿಗಿಟ್ಟ. "ರುಕ್ಕುವಿನದ್ದು ಎರಡು ಸಂಬಂಧ ತಪ್ಪಿತು. ಒಂದು ವೀಳ್ಯದವರೆಗೆ ಬಂದದ್ದು. ಜೋಯಿಸರ ಹತ್ತಿರ ಪ್ರಶ್ನೆ ಕೇಳಿದಲ್ಲಿ ಎಂತ ಹೇಳಿದರು, ನೀನೂ ಇದ್ದೆಯಲ್ಲ? ದೊಡ್ಡವಳು ಹೊಸ್ತಿಲಲ್ಲಿ ನಿಂತಿದ್ದಾಳೆ, ಚಿಕ್ಕವಳಿಗೆ ದಾಟಲು ಜಾಗ ಇಲ್ಲ ಅಂತ."

"ನಿಂತಿಲ್ಲ. ಅವಳು ಚಾಪೆಯ ಮೇಲೆ ಕೂತು ಪುಸ್ತಕ ನೋಡ್ತಾಳೆ."

"ಅಪ್ಪ, ಬಿಡಿ." ಒಳಗಿನಿಂದ ರುಕ್ಕು ಬಂದು ಬಾಗಿಲಿಗೆ ಒರಗಿದಳು. ಹದಿನೇಳು ನಡೆಯುತ್ತಿತ್ತು ಅವಳಿಗೆ. "ಅಮ್ಮನಿಗೆ ಮಗಳು ಒಬ್ಬಳೇ. ನಾನು ಹತ್ತು ವರ್ಷದವಳಿದ್ದಾಗ ಒಂದು ದಿನ ಆ ಪುಸ್ತಕ ಮುಟ್ಟಿದೆ, ನೆನಪುಂಟಾ ಅಮ್ಮ? ಕಿನ್ನಿಯದ್ದು ಅಂತ ಕೈಗೆ ಹೊಡೆದಿ. ಹುಟ್ಟುವಾಗ ನಾನು ತಂಗಿ. ನಾಲ್ಕು ವರ್ಷ ಆಗುವಾಗ ಅವಳಿಗೇ ಅಕ್ಕ ಆದೆ. ಈಗ ನಾನು ಅಕ್ಕನಾ ತಂಗಿಯಾ, ಅಷ್ಟಾದರೂ ಹೇಳು, ಬಂದವರಿಗೆ ಉತ್ತರ ಕೊಡ್ಲಿಕ್ಕೆ."

ದೇಯಿ ಕೊಡೆ ಮಡಚಿ ಗೋಡೆಗೆ ಒರಗಿಸಿದಳು. ಧಾರೆ ಎರೆದ ಮೇಲೆ ಕಿನ್ನಿ ಆ ಮನೆಯವಳು. ಸತ್ತವರಿಗೆ ಬಡಿಸುವ ಎಲೆಯೂ ಅವಳಿಗೆ ಅಲ್ಲೇ. ಮತ್ತೆ ಬೆಂಗ್ರೆಯ ಶೆಡ್ಡಿನಲ್ಲಿ ಬೆಳಿಗ್ಗೆ ಬೀಗ ತೆಗೆದರೆ ಚಾಪೆ ಇರುತ್ತದೆ, ಅಷ್ಟೇ. ಆ ಒಂದು ಒದ್ದೆ ಮೂಲೆಯನ್ನು ಬಿಟ್ಟುಕೊಡಲು ಅವಳಿಂದಾಗದು.

"ನನಗೆ ಒಪ್ಪಿಗೆ ಇಲ್ಲ" ಎಂದಳು.

*

ಮರುದಿನ ಬೆಳಿಗ್ಗೆ ಹೊಸ ಪುಸ್ತಕ ಇಟ್ಟಲ್ಲೇ ಇತ್ತು.

ಹೊಸತು, ನಾಚಿಕೆ ಇರಬಹುದು ಎಂದುಕೊಂಡಳು ದೇಯಿ. ಅದರ ಮರುದಿನವೂ ಇತ್ತು. ಮೂರನೆಯ ಸಂಜೆ ತಾನೇ ಪುಸ್ತಕ ತೆಗೆದು, ಏಡಿಯ ಪುಟ ಬಿಡಿಸಿ, ಚಾಪೆಯ ನಡುವೆ ಇಟ್ಟು, ಐಸಮ್ಮನ ಎದುರೇ ಬೀಗ ಹಾಕಿಸಿದಳು. ಬೆಳಿಗ್ಗೆ ಬಂದು ನೋಡಿದರೆ ಪುಸ್ತಕ ಮುಚ್ಚಿತ್ತು. ಮುಚ್ಚಿ, ಕಪಾಟಿನ ಹಲಗೆಯ ಮೇಲೆ, ಅಂಚಿಗೆ ಅಂಚು ಸರಿಯಾಗಿ ಕೂತಿತ್ತು. ಮೂಲೆಗಳೆಲ್ಲ ಒಣಗಿದ್ದವು, ಇಡೀ ಬೆಂಗ್ರೆಯಲ್ಲಿ ಆ ದಿನ ಒಣಗಿದ್ದ ವಸ್ತು ಅದೊಂದೇ ಇರಬೇಕು.

ಇಷ್ಟು ವರ್ಷ ತೆರೆದ ಪುಸ್ತಕ ನೋಡಿ ಹೆದರದವಳು ಮುಚ್ಚಿದ ಪುಸ್ತಕ ನೋಡಿ ಹೆದರಿದಳು.

ಅದನ್ನು ಸೆರಗಿನೊಳಗಿಟ್ಟುಕೊಂಡು ಅವಳು ಮತ್ತೆ ಹೊಳೆ ದಾಟಿದಳು. ಕಮರುದ್ದೀನ್ ಅವಳನ್ನು ಕಂಡು ಎದ್ದು ನಿಂತ. 'ಬಲೆ' ಎನ್ನಲಿಲ್ಲ.

"ಇದು ಅವಳಿಗೆ ಆಗಲಿಲ್ಲ, ಕಮರು. ಬೇರೆ ಕೊಡು."

ಅವನು ಪುಸ್ತಕ ತೆಗೆದುಕೊಂಡು, ಹಿಂದು ಮುಂದು ನೋಡಿ, ತಗ್ಗಿದ ದನಿಯಲ್ಲಿ ಕೇಳಿದ: "ಅವಳಿಗೆ ಎಂತ ಇಷ್ಟ ಆಗ್ತದೆ ದೇಯಕ್ಕ?" ಅದು ಯಾರ ದನಿಯೂ ಆಗಿರಲಿಲ್ಲ, ಅವನದೇ; ಅಂಗಡಿಯಲ್ಲಿ ಅದನ್ನು ಅವಳು ಕೇಳಿದ್ದು ಅದೇ ಮೊದಲು.

"ಕಪ್ಪೆ ಕೂಗಿದರೆ ನಗ್ತಿದ್ದಳು."

ಅವನು ಒಂದೊಂದೇ ಪುಸ್ತಕ ತೆರೆದ. ಕಪ್ಪೆ ಬಂದಲ್ಲಿ ಕಪ್ಪೆಯಾದ, ಮಳೆಹಕ್ಕಿ ಬಂದಲ್ಲಿ ಮಳೆಹಕ್ಕಿಯಾದ, ಸೋರುವ ಮಾಡಿನ ಚಿತ್ರಕ್ಕೆ ಹಿತ್ತಾಳೆ ಪಾತ್ರೆಗೆ ಬೀಳುವ ಹನಿಯಾದ. ಎದುರಿನ ಖಾಲಿ ಸ್ಟೂಲಿಗೆ ಮುಖ ಮಾಡಿ ಆಡಿ ತೋರಿಸಿದ, ದೇಯಿಗಲ್ಲ. ಮೊಯ್ದೀನಬ್ಬನವರು ಒಳಗಿನಿಂದ ಬಂದು ಅಳಿಯನನ್ನೂ ಸ್ಟೂಲನ್ನೂ ನೋಡಿ, ಚಪ್ಪಲಿ ಶಬ್ದವಾಗದಂತೆ ಒಳಗೆ ಹೋದರು.

"ಕೋಪ ಮಾಡಬೇಡಿ ದೇಯಕ್ಕ" ಎಂದ ಕಮರುದ್ದೀನ್ ಕೊನೆಗೆ. "ನಮ್ಮ ರವೂಫ ಕಳೆದ ವರ್ಷದ ಪುಸ್ತಕ ಕೊಟ್ಟರೆ ಈಗ ಬಿಸಾಡ್ತಾನೆ. ಪುಸ್ತಕದ್ದು ತಪ್ಪಲ್ಲ."

"ಈ ಕೂಗುವ ಕಪ್ಪೆಯದ್ದೇ ಕೊಡು" ಎಂದಳು ದೇಯಿ, ಅವನ ಮಾತು ಕೇಳಿಸದವಳ ಹಾಗೆ.

ಕಪ್ಪೆಯ ಪುಸ್ತಕ ಮರುದಿನ ಕಪಾಟಿನ ಕೆಳಗಿನ ಹಲಗೆಯಲ್ಲಿ ಇರಲಿಲ್ಲ. ಚಾಪೆಯ ಮೇಲೂ ಇರಲಿಲ್ಲ. ಅವಳೂ ಐಸಮ್ಮನೂ ಹಾಲಿನ ಹುಡಿಯ ಡಬ್ಬ ಸರಿಸಿ, ಸ್ಲೇಟುಗಳ ರಾಶಿ ಸರಿಸಿ ಹುಡುಕಿದರು. ಕಡೆಗೆ ಐಸಮ್ಮ ಸುಮ್ಮನೆ ಕೈ ಎತ್ತಿ ತೋರಿಸಿದಳು. ಪುಸ್ತಕ ಕಪಾಟಿನ ನೆತ್ತಿಯ ಮೇಲಿತ್ತು, ಮಕ್ಕಳ ಕೈಗೆ ಸಿಗಬಾರದೆಂದು ಚಾಕು, ಸೀಮೆಎಣ್ಣೆ ಇಡುವ ಜಾಗದಲ್ಲಿ.

"ನಾನಲ್ಲ ಟೀಚರ್. ನನಗೆ ಅಲ್ಲಿಗೆ ಎಟಕುವುದೂ ಇಲ್ಲ."

ಅದು ನಿಜ. ಅಲ್ಲಿಗೆ ಎಟಕಬೇಕಾದರೆ ದೇಯಿಯಷ್ಟು ಎತ್ತರವಿರಬೇಕು.

ಮಕ್ಕಳು ಬಂದರು, ಹಾಲು ಕುಡಿದರು, ಕೊಡೆಗಳ ಪುಸ್ತಕದ ಸುತ್ತ ಗುಂಪಾದರು. ದೇಯಿ ಸ್ಟೂಲು ಹತ್ತದೆ, ಕಾಲ್ಬೆರಳ ಮೇಲೆ ನಿಂತು, ಕಪಾಟಿನ ಮೇಲಿನಿಂದ ಪುಸ್ತಕ ಇಳಿಸುತ್ತಿದ್ದಾಗ ಮುಮ್ತಾಝ್ ಹತ್ತಿರ ಬಂದು ನಿಂತಳು. ಕಡವಿನ ಹಸೈನಾರನ ಮೊಮ್ಮಗಳು, ನಾಲ್ಕು ವರ್ಷದ ಗಂಭೀರ ಹೆಂಗಸು.

"ಅದು ಅಕ್ಕ ಇಟ್ಟದ್ದು."

"ಯಾವ ಅಕ್ಕ?"

"ಬಾಗಿಲಿನ ಅಕ್ಕ. ಮಳೆ ಬರುವಾಗ ಬರ್ತಾಳಲ್ಲ."

ದೇಯಿ ಅವಳೆದುರು ಕುಕ್ಕರುಗಾಲಿನಲ್ಲಿ ಕುಳಿತಳು. "ಎಷ್ಟು ದೊಡ್ಡ ಅಕ್ಕ, ಮುಮ್ತಾಝ್? ನಿನಗಿಂತ ಚಿಕ್ಕದು ಅಲ್ವಾ? ಇಷ್ಟು?" ಎಂದು ನೆಲದಿಂದ ನಾಲ್ಕು ಗೇಣಿನ ಮೇಲೆ ಅಂಗೈ ಹಿಡಿದಳು.

ಮುಮ್ತಾಝ್ ಆ ಕೈಯನ್ನು ಕನಿಕರದಿಂದ ನೋಡಿದಳು. ಹೇಳಿ ಪ್ರಯೋಜನವಿಲ್ಲವೆಂದು ತೋರಿರಬೇಕು. ನೇರ ಬಾಗಿಲಿನ ಹೊರಗೆ ಹೋದಳು.

ಬಲೆ ಶೆಡ್ಡಿನ ಬಾಗಿಲು ಗಿಡ್ಡ. ಮಕ್ಕಳು ಅದರಲ್ಲಿ ಓಡುತ್ತಲೇ ನುಗ್ಗುತ್ತಾರೆ. ಬಗ್ಗುವುದು ದೊಡ್ಡವರು ಮಾತ್ರ. ಮುಮ್ತಾಝ್ ಹೊಸ್ತಿಲಿನಾಚೆ ನಿಂತು ಒಂದು ಕೈಯನ್ನು ಗಾಳಿಯಲ್ಲಿ ಎತ್ತರಕ್ಕೆ ಚಾಚಿ ಇಲ್ಲದ ತೊಲೆಯನ್ನು ಹಿಡಿದಳು. ಇನ್ನೊಂದು ಕೈಯಲ್ಲಿ ಇಲ್ಲದ ಸೀರೆಯ ನೆರಿಗೆಯನ್ನು ಕೆಸರಿನಿಂದ ಎತ್ತಿಕೊಂಡಳು. ತಲೆಯನ್ನು ಬಗ್ಗಿಸಿ, ಎಡಕ್ಕೆ ಸ್ವಲ್ಪ ವಾಲಿಸಿ, ಒಳಗೆ ಕಾಲಿಟ್ಟಳು. ನೆಟ್ಟಗಾದಳು. ಒಂದು ಪಾದವನ್ನು ಇನ್ನೊಂದು ಪಾದದ ಮೇಲೆ ಒರೆಸಿ, ಒದ್ದೆ ಜಡೆಯನ್ನು ಬಲ ಹೆಗಲಿನ ಮುಂದಕ್ಕೆ ತೆಗೆದು ಹಿಂಡಿದಳು.

"ಟೀಚರ್! ಟೀಚರ್!" ಎಂದು ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ಬಂದರಿನ ಬಿ.ಎ. ಕೂಡ ಅಷ್ಟು ಚೆನ್ನಾಗಿ ಮಾಡುತ್ತಿರಲಿಲ್ಲ. ತಲೆ ವಾಲಿಸುವುದು, ಪಾದ ಒರೆಸುವುದು, ಜಡೆ ಹಿಂಡುವುದು, ಎಲ್ಲ ಥೇಟ್ ದೇಯಿ.

ಮುಮ್ತಾಝ್ ಮಾತ್ರ ಸಿಟ್ಟಿನಿಂದ ನೆಲಕ್ಕೆ ಕಾಲು ಬಡಿದಳು. "ಟೀಚರ್ ಅಲ್ಲ! ಅಕ್ಕ! ಟೀಚರಿಗೆ ಬಿಳಿ ಕೂದಲು ಉಂಟು!"

ಚಪ್ಪಾಳೆ ನಿಂತಿತು. ಐಸಮ್ಮ ಮೂಲೆಯಲ್ಲಿ ಲೋಟ ತೊಳೆಯುವುದನ್ನು ನಿಲ್ಲಿಸಿದ್ದಳು.

"ಅಕ್ಕ ಎಂತ ಹೇಳಿದಳು, ಮಗಾ?" ದೇಯಿ ಕುಳಿತಲ್ಲಿಂದಲೇ ಕೇಳಿದಳು.

"ಎಂತದ್ದೂ ಹೇಳುವುದಿಲ್ಲ. ಪುಸ್ತಕ ಮೇಲೆ ಇಟ್ಟಳು. ಮತ್ತೆ ಬಾಗಿಲಲ್ಲಿ ನಿಂತು ಹೊರಗೆ ನೋಡ್ತಾಳೆ." ಮುಮ್ತಾಝ್ ಯೋಚಿಸಿದಳು. "ಹೋಗ್ಲಿಕ್ಕೆ ಉಂಟು ಕಾಣ್ತದೆ. ಕಳಿಸುವವರು ಬರಲಿಲ್ಲ."

ಮಕ್ಕಳು ಮತ್ತೆ ಕೊಡೆಗಳ ಪುಸ್ತಕಕ್ಕೆ ತಿರುಗಿದರು. ದೇಯಿ ಕಪ್ಪೆಯ ಪುಸ್ತಕವನ್ನು ಅವರ ನಡುವೆ ಇಟ್ಟಳು. ಹತ್ತು ಕೈಗಳು ಒಟ್ಟಿಗೆ ಬಿದ್ದವು. ಯಾರಿಗೂ ಅವಳು ಹೊಡೆಯಲಿಲ್ಲ.

ಮನೆಗೆ ಹೋಗಿ ಗಂಡನಿಗೆ ಹೇಳಿದ್ದು ಇಷ್ಟೇ: "ಐತಪ್ಪಣ್ಣನಿಗೆ ಹೇಳಿ ಕಳಿಸಿ. ಹುಡುಗಿ ಸ್ವಲ್ಪ ಉದ್ದ ಇದ್ದಾಳೆ ಅಂತ ಹೇಳಿ. ಆಮೇಲೆ ಮಾತು ಬರಬಾರದು."

*

ಮದುವೆಯಾಗದವರು ಆ ಮದುವೆ ನೋಡಬಾರದು. ರುಕ್ಕು ಮನೆಯಲ್ಲೇ ಉಳಿಯಬೇಕಿತ್ತು. ಹೊರಡುವ ಬೆಳಿಗ್ಗೆ ಅವಳು ಹರಿವಾಣದಲ್ಲಿ ಅರಸಿನ ಬಣ್ಣದ ಸೀರೆ, ರವಕೆ ಮಡಚಿಡುತ್ತಿದ್ದ ತಾಯಿಯ ಪಕ್ಕದಲ್ಲಿ ಕುಳಿತು, ತನ್ನ ಕೈಯ ಹಸಿರು ಗಾಜಿನ ಬಳೆ ಸಾಬೂನು ಹಚ್ಚಿ ಕಳಚಿದಳು.

"ಅಕ್ಕನ ಕೈ ನನ್ನಷ್ಟೇ ಇರಬಹುದಲ್ಲ?"

'ಅಕ್ಕ' ಎಂದು ಅವಳ ಬಾಯಲ್ಲಿ ಮೊದಲ ಸಲ ಬಂದಿತ್ತು. ದೇಯಿ ಮಗಳ ಮಣಿಕಟ್ಟನ್ನು ಹಿಡಿದು ನೋಡಿದಳು. ಇಷ್ಟು ಹತ್ತಿರದಿಂದ ಅದನ್ನು ನೋಡಿ ಎಷ್ಟು ಕಾಲವಾಗಿತ್ತೋ. "ನಿನ್ನಷ್ಟೇ" ಎಂದಳು.

ಸುರತ್ಕಲ್‌ಗೆ ಮರಳಿನ ದಾರಿಯಲ್ಲಿ ನಡೆದೂ ಹೋಗಬಹುದಿತ್ತು. ಆದರೆ ಮದುಮಗಳನ್ನು ಮಳೆಯಲ್ಲಿ ನಡೆಸುತ್ತಾರೆಯೇ? ಹಸೈನಾರ್ ದೋಣಿಯ ನಡುವಿನ ಹಲಗೆಯನ್ನು ತನ್ನ ತಲೆಯ ಬಟ್ಟೆಯಿಂದ ಒರೆಸಿ ಖಾಲಿ ಬಿಟ್ಟ. ಯಾರೂ ಹಾಗೆ ಮಾಡೆಂದು ಹೇಳಿರಲಿಲ್ಲ. ದೇಯಿ, ಲೋಕಯ್ಯ, ಲೋಕಯ್ಯನ ತಂಗಿ ಎರಡು ಬದಿಗೆ ಕೂತರು. ಯಾವಾಗಲೂ ದೊಡ್ಡ ಗಂಟಲಿನಲ್ಲಿ ಕೂಗುವ ಹಸೈನಾರ್ ಆ ದಿನ ಆಚೆ ದಡದವರೆಗೂ ಬಾಯಿ ಬಿಡಲಿಲ್ಲ. ಹೊಳೆಯೂ ಅಷ್ಟೇ, ಹದಿನೇಳು ವರ್ಷ ತಡವಾಗಿ, ಕೆಂಪು ನೀರು ಆ ಮಗುವಿಗೆ ದಾರಿ ಬಿಟ್ಟಿತು.

ಬಂದರಿನ ಬೀದಿಯಲ್ಲಿ ಕಮರುದ್ದೀನ್ ಕೊಡೆಯಿಲ್ಲದೆ ಇಳಿದು ಬಂದ. ಕೈಯಲ್ಲಿ ಪೇಪರು ಸುತ್ತಿದ ಪುಸ್ತಕವಿತ್ತು.

"ಇದು ದೊಡ್ಡವರದ್ದು, ದೇಯಕ್ಕ. ಚಿತ್ರ ಕಮ್ಮಿ, ಕಥೆ ಜಾಸ್ತಿ. ಮಳೆಗಾಲದ್ದೇ."

ದೇಯಿ ಅದನ್ನು ಸ್ವಲ್ಪ ಹೊತ್ತು ಹಿಡಿದುಕೊಂಡಳು. ತೂಕ ಚೆನ್ನಾಗಿತ್ತು. ಆಮೇಲೆ ಹಿಂದಕ್ಕೆ ಕೊಟ್ಟಳು.

"ಅವಳಿಗೆ ಅಕ್ಷರ ಬರುವುದಿಲ್ಲ ಕಮರು. ಆರು ವರ್ಷ ಎದುರು ಕೂತುಕೊಂಡು ಚಿತ್ರ ಮಾತ್ರ ತೋರಿಸಿದೆ. ಕಲಿಸಬೇಕು ಅಂತ ನನಗೆ ಹೊಳೆಯಲೇ ಇಲ್ಲ."

ಅವನು ಮಳೆಯಲ್ಲಿ ನಿಂತೇ ಇದ್ದ.

ಸುರತ್ಕಲ್ ಬಸ್ಸಿನ ತುಂಬ ಹೊಸ ಇಂಜಿನಿಯರಿಂಗ್ ಕಾಲೇಜಿನ ಹುಡುಗರು, ಅವರ ಒದ್ದೆ ಪ್ಯಾಂಟಿನ ವಾಸನೆ. ದೇಯಿಗೆ ಕಿಟಕಿಯ ಪಕ್ಕದ ಜಾಗ ಖಾಲಿ ಬಿಟ್ಟು ಕೂರುವಷ್ಟು ಸೀಟು ಸಿಕ್ಕಿತು. ಕಿಟಕಿಯ ಬದಿಗೆ ಹರಿವಾಣದ ಗಂಟನ್ನಿಟ್ಟಳು. ಒಬ್ಬ ಹುಡುಗ ಬಾಗಿದ.

"ಅಮ್ಮ, ಗಂಟು ತೊಡೆ ಮೇಲೆ ಇಟ್ಟುಕೊಳ್ಳಿ, ಸೀಟು ಖಾಲಿ ಉಂಟಲ್ಲ?"

"ಖಾಲಿ ಇಲ್ಲ ಮಾರಾಯ" ಎಂದ ಕಂಡಕ್ಟರ್ ಜೊಕಿಮ್, ಹಿಂದಿನಿಂದ ನುಗ್ಗಿ ಬರುತ್ತಾ. ಪ್ರಾಯವಾದವನು, ಈ ದಾರಿಯಲ್ಲಿ ಸವೆದವನು. ಗಂಟಿನಿಂದ ಇಣುಕುತ್ತಿದ್ದ ಅರಸಿನ ಬಣ್ಣದ ಅಂಚನ್ನು, ಹಸಿರು ಬಳೆಯನ್ನು, ಆಟಿಯ ಮಳೆಯನ್ನು ಅವನು ಒಂದೇ ನೋಟದಲ್ಲಿ ನೋಡಿದ್ದ. "ಕಣ್ಣು ಕಾಣುದಿಲ್ಲವಾ ನಿನಗೆ? ಜನ ಕೂತಿದ್ದಾರೆ. ಹಿಂದೆ ಹೋಗು."

ಹುಡುಗ ಸೀಟು ನೋಡಿದ, ಕಂಡಕ್ಟರನನ್ನು ನೋಡಿದ, ಹಿಂದೆ ಹೋದ.

ಲೋಕಯ್ಯ ಹಿಂದಿನ ಸೀಟಿನಿಂದ ದುಡ್ಡು ಚಾಚಿದ. "ಸುರತ್ಕಲ್. ನಾಲ್ಕು."

ಜೊಕಿಮ್ ಎಣಿಸಿದ: ಒಬ್ಬರು, ಇಬ್ಬರು, ಮೂವರು. ಪೆನ್ಸಿಲ್ ಕಿವಿಯ ಮೇಲಿನಿಂದ ತೆಗೆದು, ಕಿಟಕಿಯ ಪಕ್ಕದ ಸೀಟಿನತ್ತ ತೋರಿಸದೆ, ದೇಯಿಯ ಮುಖ ಮಾತ್ರ ನೋಡಿ, ದಾರಿಯ ಪ್ರತಿಯೊಬ್ಬ ತಾಯಿಯನ್ನು ಕೇಳುವ ಹಾಗೆಯೇ ಕೇಳಿದ:

"ಹಾಫಾ ಅಮ್ಮಾ, ಫುಲ್ಲಾ?"

ಬಸ್ಸು ಗುಂಡಿಗಿಳಿದು ಎದ್ದಿತು. ಅದು ಲೋಕಯ್ಯ ಕೊಡುವ ಉತ್ತರವಾಗಿರಲಿಲ್ಲ. ದೇಯಿ ಪಕ್ಕಕ್ಕೆ ನೋಡಿದಳು. ಕಿಟಕಿಯ ಗಾಜಿನ ಮೇಲೆ ಮಳೆ ಹರಿಯುತ್ತಿತ್ತು; ಅದರಲ್ಲಿ ತನ್ನದೇ ಮುಖ, ಬಿಳಿ ಕೂದಲು ಕಾಣದಷ್ಟು ಮಸುಕಾಗಿ, ಹೊರಗೆ ನೋಡುತ್ತಾ ಕುಳಿತಿತ್ತು.

"ಫುಲ್" ಎಂದಳು.

ಜೊಕಿಮ್ ಟಿಕೆಟು ಹರಿದು ಕೊಟ್ಟ. ಅವಳು ಅದನ್ನು ಸೀರೆಯ ಮಡಿಕೆಯೊಳಗಿಟ್ಟಳು. ಮತ್ತೆ ಸುರತ್ಕಲ್‌ವರೆಗೆ ಯಾರೂ ಆ ಸೀಟು ಕೇಳಲಿಲ್ಲ.

ಸ್ಟಾಪಿನಲ್ಲಿ ಐತಪ್ಪಣ್ಣನ ಮನೆಯವರು ತಾಳೆಗರಿಯ ಕೊಡೆಗಳನ್ನು ಹಿಡಿದು ನಿಂತಿದ್ದರು. ಒಂದು ಕೊಡೆಯ ಕೆಳಗೆ ಯಾರೂ ಇರಲಿಲ್ಲ. ಹಿಡಿದವನು ಹೊರಗೆ ನಿಂತು ನೆನೆಯುತ್ತಿದ್ದ. ಗಂಟನ್ನು ಲೋಕಯ್ಯನ ತಂಗಿ ಎತ್ತಿಕೊಂಡು ಇಳಿದಳು. ದೇಯಿ ಫುಟ್‌ಬೋರ್ಡಿನಿಂದ ನೆಲಕ್ಕಿಳಿದು, ಮಗುವನ್ನು ಇಳಿಸಿಕೊಳ್ಳಲು ಹಿಂದಕ್ಕೆ ಕೈ ಚಾಚಿದಳು: ಕೆಳಗೆ, ಮೊಣಕಾಲಿನ ಮಟ್ಟಕ್ಕೆ, ಒಂದು ಪುಟ್ಟ ಅಂಗೈ ಇರಬೇಕಾದ ಎತ್ತರಕ್ಕೆ.

ಅಲ್ಲಿ ಗಾಳಿಯಿತ್ತು, ಮಳೆಯಿತ್ತು.

ಜೊಕಿಮ್ ಸೀಟಿ ಊದದೆ ಕಾಯುತ್ತಿದ್ದ. ದೇಯಿ ಕೈಯನ್ನು ಮೆಲ್ಲಗೆ ಮೇಲೆತ್ತಿದಳು, ಸೊಂಟದ ಮೇಲಕ್ಕೆ, ತನ್ನ ಹೆಗಲಿನವರೆಗೆ, ಮತ್ತು ಹಾಗೆಯೇ ಹಿಡಿದಳು. ಎತ್ತರದ ಮೆಟ್ಟಿಲಿನಿಂದ ಸೀರೆ ಉಟ್ಟವರು ಇಳಿಯಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು.